ಬಂತು, ತೆರೆಯಿತು

ಜನವರಿ ೧೨

ಅಣ್ಣನಿಗೆ,

ಇದು ಮೊದಲ ಪಾರ್ಸೆಲ್. ಸ್ಪಂಜಿನ ನಡುವೆ ಇರುವ ಕಪ್ಪು ಡಿಸ್ಕಿಗೆ ಕೆಂಪು ದಾರ ಕಟ್ಟಿದ್ದೇನೆ, ನಿನ್ನ ಸ್ಟುಡಿಯೋದ ಡಿಸ್ಕಿನ ಜೊತೆ ಬೆರೆತುಹೋಗದಿರಲಿ ಎಂದು. ಎರಡೂ ಒಂದೇ ಅಂಗಡಿಯಲ್ಲಿ ಕೊಂಡವು, ಅವಳಿ ಮಕ್ಕಳ ಹಾಗಿವೆ.

ಹೊರಡುವ ಗಡಿಬಿಡಿಯಲ್ಲಿ ನಿನಗೆ ಅರ್ಧಂಬರ್ಧ ಹೇಳಿ ಬಂದೆ. ಈಗ ಪೂರ್ತಿ ಹೇಳುತ್ತೇನೆ. ವಸ್ತುಸಂಗ್ರಹಾಲಯದವರಿಗೆ ಬೇಕಾಗಿರುವುದು ಈ ನದಿಯ ಕಡವುಗಳ ಚಿತ್ರ, ಅಂದರೆ ದೋಣಿಯಲ್ಲಿ ಜನರನ್ನು ದಾಟಿಸುವ ಜಾಗಗಳು. ನದಿಯುದ್ದಕ್ಕೂ ಸೇತುವೆಗಳು ಏಳುತ್ತಿವೆ. ಸೇತುವೆ ತೆರೆದ ದಿನ ಅಲ್ಲಿಯ ದೋಣಿ ನಿಲ್ಲುತ್ತದೆ. ನಿಲ್ಲುವ ಮೊದಲು ನಾನು ಅಲ್ಲಿರಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಿದ್ದೇನೆ, ಮುಗಿಯುವಾಗ ಆಗಸ್ಟ್ ಆದೀತು.

ಲ್ಯಾಪ್‌ಟಾಪ್ ತಂದಿಲ್ಲ, ದೋಣಿಯ ತೇವಕ್ಕೆ ಅದು ಬಾಳುವುದಿಲ್ಲ. ಬದಲಿಗೆ ಸಾಬೂನು ಡಬ್ಬಿಯಷ್ಟು ದೊಡ್ಡ ಒಂದು ಕಾಪಿ ಡಬ್ಬಿ ಇದೆ. ಒಂದು ಕಡೆ ಕ್ಯಾಮೆರಾದ ಕಾರ್ಡು ಸಿಕ್ಕಿಸಿದರೆ ಇನ್ನೊಂದು ಕಡೆ ಇರುವ ಡಿಸ್ಕಿಗೆ ಚಿತ್ರಗಳು ಇಳಿಯುತ್ತವೆ. ಪರದೆ ಇಲ್ಲ, ಒಂದು ಹಸಿರು ದೀಪ ಮಾತ್ರ. ದೀಪ ಆರಿದರೆ ಎಲ್ಲ ಇಳಿಯಿತು ಎಂದು ನಂಬಬೇಕು. ಹೀಗೆ ಎರಡು ಡಿಸ್ಕಿಗೆ ಇಳಿಸುತ್ತೇನೆ. ಒಂದು ನನ್ನ ಸೊಂಟದ ಚೀಲದಲ್ಲಿ, ಒಂದು ನಿನಗೆ. ಆದರೆ ಇಳಿದದ್ದು ನೆಟ್ಟಗಿದೆಯೇ ಎಂದು ನೋಡುವ ಉಪಾಯ ನನ್ನ ಹತ್ತಿರ ಇಲ್ಲ. ಅದು ನಿನ್ನ ಕೆಲಸ. ಒಂದೊಂದು ಚಿತ್ರವನ್ನೂ ತೆರೆದು, ಪೂರ್ತಿ ದೊಡ್ಡದು ಮಾಡಿ, ಈ ಮೂಲೆಯಿಂದ ಆ ಮೂಲೆಯವರೆಗೆ ನೋಡು. ನೋಡಿ "ಬಂತು, ತೆರೆಯಿತು" ಎಂದು ಬರೆ. ಅಲ್ಲಿಯವರೆಗೆ ಕಾರ್ಡುಗಳು ಪರ್ಸಿನಲ್ಲಿ ಬೋರಲು ಮಲಗಿರುತ್ತವೆ. ನಿನ್ನ ಮಾತು ಬಂದ ಮೇಲೆಯೇ ಅಳಿಸಿ ಅಂಗಾತ ಮಾಡುವುದು. ಇರುವ ಕಾರ್ಡುಗಳು ಬೆರಳೆಣಿಕೆಯಷ್ಟು. ಎಲ್ಲವೂ ಬೋರಲಾದರೆ ನಾನು ಕೈಕಟ್ಟಿ ಕೂರಬೇಕಾಗುತ್ತದೆ.

ಫೋನು ದಂಡೆ ಹತ್ತಿ ಮೇಲೆ ಹೋದರೆ ಸಿಗುತ್ತದೆ. ಸಿಕ್ಕರೂ "ಊಟ ಆಯ್ತಾ" ದಾಟಿ ನಮ್ಮಿಬ್ಬರ ಮಾತು ಎಂದೂ ಹೋದದ್ದಿಲ್ಲ. ಹೇಗೂ ಡಿಸ್ಕು ಓಡಾಡುತ್ತದೆ, ಅದರ ಜೊತೆ ಕಾಗದವೂ ಓಡಾಡಲಿ.

ಇನ್ನೊಂದು ಮಾತು. ಅಪ್ಪ ಹೋದಾಗ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದು ನಿನ್ನ ಜೊತೆ ಸ್ಟುಡಿಯೋದಲ್ಲಿ ಕೂತೆ. ಅದಕ್ಕೆ ನನಗೆ ಬೇಸರವಿಲ್ಲ. ಈ ಸಲ ಮಾತ್ರ ನದಿಯ ತುದಿ ಕಂಡೇ ಬರುವುದು.

ಅತ್ತಿಗೆಗೆ ಹೇಳು, ಅವರು ಕೊಟ್ಟ ಪ್ಲಾಸ್ಟಿಕ್ ಚೀಲಗಳೆಲ್ಲ ಕೆಲಸಕ್ಕೆ ಬಂದವು.

ನಿನ್ನ ತಂಗಿ

ಜನವರಿ ೨೪

ತಿರುಗಾಲಿಗೆ,

ಡಿಸ್ಕು ತಲುಪಿತು. ಕೆಂಪು ದಾರ ನೋಡಿ ನಿನ್ನ ಅತ್ತಿಗೆ "ಇದೇನು, ಪಟಾಕಿನಾ, ಬತ್ತಿ ಹಚ್ಚೋದಾ" ಎಂದಳು.

ಎಲ್ಲ ಚಿತ್ರ ನೋಡಿದೆ. ಮೊದಲ ಕಡವಿನಲ್ಲಿ ನೀರಿನ ಗೆರೆ ಬಲಕ್ಕೆ ವಾಲಿದೆ. ಎರಡನೆಯ ಕಡವಿನಲ್ಲೂ ವಾಲಿದೆ. ಮೂರನೆಯದರಲ್ಲಿ ಎಡಕ್ಕೆ ವಾಲಿದೆ, ಬಹುಶಃ ಬಲಗಡೆಗೆ ಬೇಸರವಾಗಿರಬೇಕು. ನಿನಗೆ ಕ್ಯಾಮೆರಾ ಹಿಡಿಯಲು ಕಲಿಸಿದವನು ನಾನು ಎಂದು ಆ ಸಂಗ್ರಹಾಲಯದ ಮೇಡಂಗೆ ದಯವಿಟ್ಟು ಹೇಳಬೇಡ. ಜನ ವಾಲುತ್ತಾರೆ, ದೋಣಿ ವಾಲುತ್ತದೆ. ನಿಂತ ನೀರು ವಾಲುವುದನ್ನು ನಿನ್ನ ಚಿತ್ರಗಳಲ್ಲೇ ಕಂಡದ್ದು.

ಬೇಲಿಗೆ ಸೈಕಲ್ ಒರಗಿಸಿ ದೋಣಿಗೆ ಕಾಯುತ್ತಿರುವ ಪೋಸ್ಟ್‌ಮನ್ ಚಿತ್ರ ಇದೆಯಲ್ಲ, ಅದರ ಮುಂದೆ ತುಂಬ ಹೊತ್ತು ಕೂತಿದ್ದೆ. ಅವನ ಅಂಗಿಯ ಕಾಲರಿನ ಹೊಲಿಗೆ ಬಿಟ್ಟದ್ದೂ ಕಾಣುತ್ತದೆ. ಅಂಥದ್ದನ್ನು ತೆಗೆಯುವವಳು ನೀರಿನ ಗೆರೆ ಯಾಕೆ ನೋಡುವುದಿಲ್ಲ ಎಂಬುದು ನನಗೆ ಬಗೆಹರಿಯದ ವಿಷಯ.

ಸ್ಟುಡಿಯೋ ಹಾಗೇ ಇದೆ. ಬೆಳಗ್ಗೆ ಪಾಸ್‌ಪೋರ್ಟ್ ಫೋಟೋ, ಸಂಜೆ ಪಾಸ್‌ಪೋರ್ಟ್ ಫೋಟೋ. ಒಳಗಿನ ಟ್ಯೂಬ್‌ಲೈಟ್ ಯಾಕೋ ಮಂಕಾಗಿತ್ತು, ಬದಲಾಯಿಸಿದೆ. ಹೊಸದೂ ಅಷ್ಟಕ್ಕಷ್ಟೇ.

ಬಂತು, ತೆರೆಯಿತು. ಕಾರ್ಡು ಅಳಿಸಬಹುದು.

ಅಣ್ಣ

ಫೆಬ್ರವರಿ ೧೫

ಅಣ್ಣನಿಗೆ,

ಎರಡನೆಯ ಕಂತು ಇದರಲ್ಲಿದೆ. ನೀರಿನ ಗೆರೆಗಾಗಿ ಕ್ಯಾಮೆರಾದ ಮೇಲೆ ಒಂದು ಪುಟ್ಟ ಮಟ್ಟಗೋಲು ಸಿಕ್ಕಿಸಿಕೊಂಡಿದ್ದೇನೆ, ಗಾರೆಯವರು ಇಡುತ್ತಾರಲ್ಲ, ಗುಳ್ಳೆ ಇರುವಂಥದ್ದು. ಈಗ ಬಾಯಿ ಮುಚ್ಚಿಕೊಂಡು ನೋಡು.

ಈಗಿರುವ ಕಡವಿನಲ್ಲಿ ದೋಣಿಗೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಈ ದಡದಿಂದ ಆ ದಡಕ್ಕೆ ದಪ್ಪ ಹಗ್ಗ ಕಟ್ಟಿದೆ. ದೋಣಿಯಲ್ಲಿ ನಿಂತು ಹಗ್ಗವನ್ನು ಕೈಯಿಂದ ಎಳೆಯುತ್ತಾ ಎಳೆಯುತ್ತಾ ದಾಟಿಸಬೇಕು. ದಾಟಿಸುವವಳು ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಹಗ್ಗದಾಕೆ ಎನ್ನುತ್ತಾರೆ. ಬಿಸಿಲಿರಲಿ ಮೋಡವಿರಲಿ, ಮೈಮೇಲೆ ಹಳದಿ ಮಳೆಕೋಟು. ನಾನು ಕ್ಯಾಮೆರಾ ಎತ್ತಿದರೆ ಸಾಕು, ಬೆನ್ನು ತಿರುಗಿಸುತ್ತಾಳೆ. "ದಾಟೋದಿದ್ರೆ ಕೂತ್ಕೊ, ಇಲ್ಲಾಂದ್ರೆ ದಡದಲ್ಲೇ ಇರು" ಎಂದಳು. ಅಲ್ಲಿಗೆ ನನ್ನ ಮೊದಲ ಮಾತುಕತೆ ಮುಗಿಯಿತು. ಹಾಗಾಗಿ ಈ ಕಂತಿನಲ್ಲಿ ಅವಳ ಬೆನ್ನು ಮಾತ್ರ ಇದೆ.

ಇಲ್ಲಿಯ ಸೇತುವೆ ಹತ್ತಿರಹತ್ತಿರ ಮುಗಿದಿದೆ. ಅವಳು ಅದರ ನೆರಳಿನಲ್ಲೇ ದೋಣಿ ಎಳೆಯುತ್ತಾಳೆ, ಒಮ್ಮೆಯೂ ತಲೆ ಎತ್ತಿ ಅದನ್ನು ನೋಡಿದ್ದು ಕಂಡಿಲ್ಲ.

ಬೇಗ ನೋಡಿ ಬರೆ. ಎರಡು ಕಾರ್ಡು ಬಿಟ್ಟು ಉಳಿದವೆಲ್ಲ ಬೋರಲಾಗಿವೆ.

ನಿನ್ನ ತಂಗಿ

ಮಾರ್ಚ್ ೯

ತಿರುಗಾಲಿಗೆ,

ತಡವಾಯಿತು. ಪರೀಕ್ಷೆಯ ಕಾಲ, ಮಕ್ಕಳೆಲ್ಲ ಅರ್ಜಿಗೆ ಫೋಟೋ ಬೇಕೆಂದು ಸಾಲು ನಿಂತಿದ್ದರು.

ಬಂತು, ತೆರೆಯಿತು. ಅಳಿಸಬಹುದು.

ಅಣ್ಣ

ಮಾರ್ಚ್ ೨೦

ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ಕಾಗದ ಎನ್ನುವುದು ಹೆಚ್ಚಾಯಿತೇನೋ. ಅದೂ ಸ್ಕೆಚ್ ಪೆನ್ನಿನಲ್ಲಿ, ಒಂದೊಂದು ಅಕ್ಷರ ಅಂಗಡಿ ಬೋರ್ಡಿನಷ್ಟು. ಹಾಳೆ ತುಂಬಿಸುವ ಉಪಾಯವೇ? ನೀರಿನ ಗೆರೆಯ ಬಗ್ಗೆ ಒಂದು ಮಾತಿಲ್ಲ. ಅಷ್ಟು ಕಷ್ಟಪಟ್ಟು ನೆಟ್ಟಗೆ ತೆಗೆದದ್ದಕ್ಕೆ ಒಂದು ಸಾಲಿನ ಬೈಗುಳವನ್ನಾದರೂ ನಿರೀಕ್ಷಿಸಿದ್ದೆ.

ನಿನ್ನ ಮಾತಿಗೆ ಕಾಯುತ್ತಾ ಲಾಡ್ಜಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ಕಿಟಕಿಯ ಆಚೆ ಗೋಡೆ, ಗೋಡೆಯ ಮೇಲೆ ಒಂದು ಪೈಪು. ಆ ಪೈಪನ್ನು ನಾನು ಈಗ ನೆನಪಿನಿಂದ ಬಿಡಿಸಬಲ್ಲೆ. ನಾನು ಈ ಕೆಲಸ ಒಪ್ಪಿಕೊಂಡದ್ದು ನಿನಗೆ ಸರಿಬಂದಿಲ್ಲ ಎಂದಿದ್ದರೆ ಬಾಯಿ ಬಿಟ್ಟು ಹೇಳಿಬಿಡು. ಸ್ಟುಡಿಯೋದಲ್ಲಿ ಒಬ್ಬನೇ ಒದ್ದಾಡುತ್ತಿದ್ದೀಯ ಎಂದು ನನಗೂ ಗೊತ್ತು.

ಅದಿರಲಿ. ದೊಡ್ಡ ಸುದ್ದಿ ಇದೆ. ಸೇತುವೆ ತೆರೆಯಿತು. ದೋಣಿಯ ಕೊನೆಯ ಸರದಿಗೆ ಮೂರು ಮತ್ತೊಂದು ಜನ. ಎಲ್ಲರೂ ಇಳಿದು ಹೋದ ಮೇಲೆ ಹಗ್ಗದಾಕೆ ತಾನಾಗಿಯೇ ನನ್ನ ಕಡೆ ತಿರುಗಿ, "ಈಗ ತೆಗಿ. ನಾಳೆಯಿಂದ ಇದನ್ನ ಹಿಡಿದು ನಿಂತ್ರೆ ಹುಚ್ಚಿ ಅಂತಾರೆ" ಎಂದಳು. ಅಷ್ಟು ದಿನ ಬೆನ್ನು ತೋರಿಸಿದವಳು ಹಗ್ಗ ಹಿಡಿದು ಎದುರಿಗೆ ನಿಂತಳು. ಅವಳ ಕೈ ನೀನು ನೋಡಬೇಕು. ಹಗ್ಗ ಉಜ್ಜಿ ಉಜ್ಜಿ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿ ಕೈಗಳು ಹೊಳೆಯುತ್ತವೆ, ಹಳೆಯ ಬಾಗಿಲ ಹಿಡಿಕೆಯಂತೆ. ಕಾರ್ಡು ತುಂಬುವವರೆಗೆ ತೆಗೆದೆ. ಸಂಗ್ರಹಾಲಯದವರು ತರಲಿರುವ ಪುಸ್ತಕದ ಮುಖಪುಟ ಇದೇ ಎಂದು ಅಲ್ಲೇ ಅನ್ನಿಸಿತು.

ಮಾರನೆಯ ದಿನ ಹಗ್ಗ ಬಿಚ್ಚಿದರು. ಇನ್ನು ಆ ಚಿತ್ರವನ್ನು ಯಾರೂ ತೆಗೆಯಲಾಗದು. ಅದಕ್ಕೇ ಹೇಳುತ್ತಿದ್ದೇನೆ, ಈ ಕಂತನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡು. ಕಾಪಿ ಡಬ್ಬಿ ಯಾಕೋ ಚೇಷ್ಟೆ ಮಾಡುತ್ತಿದೆ, ಇಳಿಸುವಾಗ ದೀಪ ಒಮ್ಮೆ ಮಿಣುಕಿ ಮತ್ತೆ ಹತ್ತಿತು. ಎರಡು ಡಿಸ್ಕಿಗೂ ಅದೇ ಡಬ್ಬಿಯಿಂದ ಇಳಿದಿರುವುದರಿಂದ ಕೆಟ್ಟಿದ್ದರೆ ಎರಡೂ ಕೆಟ್ಟಿರುತ್ತವೆ. ಕಾರ್ಡನ್ನು ಇಟ್ಟುಕೊಂಡಿದ್ದೇನೆ. ನೀನು ಹೇಳದೆ ಮುಟ್ಟುವುದಿಲ್ಲ.

ನಿನ್ನ ತಂಗಿ

ಏಪ್ರಿಲ್ ೪

ತಿರುಗಾಲಿಗೆ,

ಸ್ಟುಡಿಯೋದ ಚಿಂತೆ ಬೇಡ. ನಿನ್ನ ಕೆಲಸ ನನಗೆ ಸರಿಬಂದಿದೆ. ಕಾಗದ ಬರೆಯಲು ಪುರುಸೊತ್ತು ಸಾಲುತ್ತಿಲ್ಲ, ಅಷ್ಟೇ.

ಹಗ್ಗದಾಕೆಯ ಚಿತ್ರಗಳು ಬಹಳ ಚೆನ್ನಾಗಿವೆ. ಆ ಹೊಳೆಯುವ ಅಂಗೈಗಳನ್ನು ಚೆನ್ನಾಗಿ ಹಿಡಿದಿದ್ದೀಯ, ಜೀವ ಇದೆ. ಹಳದಿ ಕೋಟಿನ ಬಣ್ಣವೂ ಸೊಗಸಾಗಿ ಬಂದಿದೆ. ಮುಖಪುಟಕ್ಕೆ ಇದೇ ಸರಿ.

ಬಂತು, ತೆರೆಯಿತು. ಕಾರ್ಡು ಅಳಿಸಬಹುದು.

ಅಣ್ಣ

ಏಪ್ರಿಲ್ ೧೩

ಅಣ್ಣನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಇಷ್ಟು ವರ್ಷಗಳಲ್ಲಿ ನೀನು ನನ್ನ ಚಿತ್ರವನ್ನು "ಆದರೆ" ಸೇರಿಸದೆ ಹೊಗಳಿದ್ದು ಇದೇ ಮೊದಲು. ಹೋದ ಸಲ ಸಿಡುಕಿ ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಕಾರ್ಡು ಅಳಿಸಿದೆ. ಅದರಲ್ಲೇ ಮುಂದಿನ ಕಡವು ಶುರುಮಾಡಿದ್ದೇನೆ. ಕಾಪಿ ಡಬ್ಬಿಯನ್ನು ಬಿಸಾಕಿ ಹೊಸದು ಕೊಂಡೆ.

ನಿನ್ನ ತಂಗಿ

ಮೇ ೬

ಮೇಲೆ ನದಿ ತಿರುಗುವಲ್ಲಿ ಒಂದು ದೊಡ್ಡ ಪೇಟೆ ಸಿಕ್ಕಿತು. ಸಂಗ್ರಹಾಲಯದ ಮೇಡಂ ಮುಖಪುಟಕ್ಕೆಂದು ಒಂದು ಪ್ರಿಂಟು ಕೇಳಿದ್ದರು. ಪ್ರಿಂಟು ಹಾಕುವ ಅಂಗಡಿಗೆ ಹೋಗಿ ನನ್ನ ಸೊಂಟದ ಚೀಲದ ಡಿಸ್ಕನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿದೆ.

ಹಗ್ಗದಾಕೆಯ ಚಿತ್ರಗಳಲ್ಲಿ ಒಂದೂ ಪೂರ್ತಿ ಇಲ್ಲ. ಮೇಲೆ ಆಕಾಶ ಇದೆ, ಸೇತುವೆ ಇದೆ, ಅವಳ ಮುಖ ಇದೆ, ಭುಜ ಇದೆ. ಅಲ್ಲಿಂದ ಕೆಳಗೆ ಬರೀ ಬೂದು. ಎಲ್ಲದರಲ್ಲೂ ಅಷ್ಟೇ. ಅಂಗಡಿಯವನು ಸ್ವಲ್ಪ ಹೊತ್ತು ಅದನ್ನೂ ಇದನ್ನೂ ಒತ್ತಿ, "ಮೇಡಂ, ಕಾರ್ಡಿನಲ್ಲಿ ಇರತ್ತಲ್ಲ, ಅದನ್ನ ತನ್ನಿ" ಎಂದ. ಕಾರ್ಡಿನಲ್ಲಿ ಈಗ ಬೇರೆ ಕಡವು ಇದೆ.

ಬೂದು ಶುರುವಾಗುವುದು ಭುಜದ ಕೆಳಗೆ. ಕೈಗಳಿರುವುದು ಅದಕ್ಕೂ ಕೆಳಗೆ. ನೀನು ಜೀವ ಇದೆ ಎಂದು ಹೊಗಳಿದ ಕೈಗಳು ಈ ಚಿತ್ರಗಳಲ್ಲಿ ಎಲ್ಲೂ ಇಲ್ಲ.

ಇನ್ನೊಂದು. ಚಿತ್ರಕ್ಕೆ ನಿಲ್ಲುವ ಮೊದಲು ಅವಳು ಆ ಹಳದಿ ಕೋಟನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ನಿನಗೆ ಅದನ್ನು ಬರೆಯಲು ಮರೆತಿದ್ದೆ. ಉಳಿದಿರುವ ಭುಜದ ಮೇಲೆ ಕಂದು ಸ್ವೆಟರ್ ಇದೆ. ಅಂದರೆ ನೀನು ನನ್ನ ಚಿತ್ರ ನೋಡಿ ಬರೆಯಲಿಲ್ಲ, ನನ್ನ ಕಾಗದ ನೋಡಿ ಬರೆದೆ.

ಒಂದು ಚಿತ್ರವನ್ನು ತೆರೆದಿದ್ದರೂ ಸಾಕಿತ್ತು. ಒಂದೇ ಒಂದು. ಕಾರ್ಡು ನನ್ನ ಕೈಯಲ್ಲಿತ್ತು.

ಮೇ ೧೯

ತಿರುಗಾಲಿಗೆ,

ಹೌದು. ನೋಡಲಿಲ್ಲ. ಕೆಲಸದ ಒತ್ತಡದಲ್ಲಿ ತೆರೆಯದೆಯೇ ಬರೆದುಬಿಟ್ಟೆ. ನನ್ನದೇ ತಪ್ಪು, ಅದಕ್ಕೆ ಬೇರೆ ಮಾತಿಲ್ಲ.

ಕೆಲಸ ಮಾತ್ರ ಬಿಡಬೇಡ. ಉಳಿದ ಕಡವುಗಳನ್ನು ಮುಗಿಸು.

ಅಣ್ಣ

ಜೂನ್ ೨

ಅಣ್ಣನಿಗೆ,

ಮುಂದಿನ ಕಂತುಗಳನ್ನು ನಿನಗೆ ಕಳಿಸುವುದಿಲ್ಲ. ಪೇಟೆಯ ಆ ಪ್ರಿಂಟಿನ ಅಂಗಡಿಯಲ್ಲಿ ಗಂಟೆಗೆ ಇಷ್ಟು ಎಂದು ಕೊಟ್ಟು ನಾನೇ ಕೂತು ನೋಡುತ್ತೇನೆ. ಪ್ರತಿ ಕಂತಿಗೂ ಬಸ್ಸು ಹಿಡಿದು ಬಂದು ಹೋಗಬೇಕು, ಆದರೂ ಆಗಲಿ.

ಮೇಡಂಗೆ ವಿಷಯ ತಿಳಿಸಿದೆ. ಚಿತ್ರಗಳನ್ನು ಪರೀಕ್ಷಿಸಬೇಕಿದ್ದವರು ಅಸಡ್ಡೆ ಮಾಡಿದರು ಎಂದು ಬರೆದೆ. ಮುಖಪುಟವನ್ನು ಬೇರೆ ಯಾರದೋ ಚಿತ್ರಕ್ಕೆ ಕೊಡುತ್ತಾರಂತೆ.

ನನಗೆ ಸಿಟ್ಟು ಚಿತ್ರ ಹೋದದ್ದಕ್ಕಲ್ಲ. ಚಿತ್ರ ಹೋಗುತ್ತದೆ, ಅಪ್ಪನ ಕಾಲದಲ್ಲಿ ರೀಲು ಸುಟ್ಟು ಮದುವೆಗೆ ಮದುವೆಯೇ ಹೋದದ್ದುಂಟು. ನೋಡದೆ ಹೊಗಳಿದೆಯಲ್ಲ, ಅದನ್ನು ನಂಬಿ ನಾನು ಹಿಗ್ಗಿದೆನಲ್ಲ, ಅದು ನುಂಗಲಾಗುತ್ತಿಲ್ಲ.

ನನ್ನ ಡಿಸ್ಕು ನಿನ್ನಲ್ಲಿದೆ. ಅವಸರವಿಲ್ಲ, ಆದಾಗ ಕಳಿಸು. ಕೆಳಗಿರುವುದು ಪೇಟೆಯ ಅಂಗಡಿಯ ವಿಳಾಸ.

ಆಗಸ್ಟ್ ೩

ಅಣ್ಣನಿಗೆ, ಅತ್ತಿಗೆಗೆ,

ಅತ್ತಿಗೆ, ಇದನ್ನು ನಿಧಾನವಾಗಿ ಅವನಿಗೆ ಓದಿ ಹೇಳಿ. ಓದುವವರು ನೀವೇ ಎಂದು ನನಗೆ ಗೊತ್ತಾಗಿದೆ.

ಡಿಸ್ಕು ತಲುಪಿತು. ಕೆಂಪು ದಾರ ನೆಟ್ಟಗೆ ಗಂಟು ಹಾಕಿತ್ತು, ಆದರೆ ಡಿಸ್ಕು ನನ್ನದಲ್ಲ. ತೆರೆದರೆ ಒಳಗೆ ಸ್ಟುಡಿಯೋದ ಪಾಸ್‌ಪೋರ್ಟ್ ಫೋಟೋಗಳು, ಜೂನ್ ಜುಲೈ ತಿಂಗಳವು. ಅವಳಿಗಳಲ್ಲಿ ಅದಲುಬದಲಾಗಿದೆ ಎಂದುಕೊಂಡು ಮುಚ್ಚಲು ಹೋದೆ. ಅಷ್ಟರಲ್ಲಿ ಮೊದಲ ಫೋಟೋದ ಅಂಚಿನಲ್ಲಿ ಕನ್ನಡಿ ಕಂಡಿತು.

ಗಿರಾಕಿಗಳು ತಲೆ ಬಾಚಿಕೊಳ್ಳುವ ಆ ಉದ್ದ ಕನ್ನಡಿ. ನಾನು ಹುಡುಗಿಯಾಗಿದ್ದಾಗ ಒಮ್ಮೆ ಅದು ಫೋಟೋದೊಳಗೆ ಬಂತೆಂದು ನೀನು ನನ್ನ ಕಿವಿ ಹಿಂಡಿದ್ದೆ. ನೀನು ಕ್ಯಾಮೆರಾದ ಹಿಂದೆ ಇದ್ದರೆ ಅದು ಚೌಕಟ್ಟಿನೊಳಗೆ ಬರುವ ಮಾತೇ ಇಲ್ಲ. ಹಾಗಾಗಿ ಕೂತು ನೋಡಿದೆ. ಒಂದೊಂದನ್ನೂ ತೆರೆದು, ಪೂರ್ತಿ ದೊಡ್ಡದು ಮಾಡಿ, ಈ ಮೂಲೆಯಿಂದ ಆ ಮೂಲೆಯವರೆಗೆ.

ಕನ್ನಡಿಯಲ್ಲಿ ಕ್ಯಾಮೆರಾದ ಹಿಂದೆ ಅತ್ತಿಗೆ ಇದ್ದಾರೆ. ಪಕ್ಕದ ಸ್ಟೂಲಿನ ಮೇಲೆ ನೀನು. ನಿನ್ನ ಒಂದು ಕೈ ಕ್ಯಾಮೆರಾದ ಸ್ಟ್ಯಾಂಡಿನ ಮೇಲೆ. ಯಾವ ಫೋಟೋದಲ್ಲೂ ನೀನು ಗಿರಾಕಿಯ ಕಡೆ ನೆಟ್ಟಗೆ ನೋಡುತ್ತಿಲ್ಲ. ಎಲ್ಲದರಲ್ಲೂ ಮುಖವನ್ನು ಪಕ್ಕದ ಗೋಡೆಗೆ ತಿರುಗಿಸಿ ಕೂತಿದ್ದೀಯ. ಮೊದಲು ಯಾವುದೋ ಮುನಿಸು ಎಂದುಕೊಂಡೆ. ಆಮೇಲೆ ಒಂದು ಫೋಟೋದಲ್ಲಿ ಒಂದು ಮಗು ನಿನಗೆ ಏನೋ ಚಾಚಿ ತೋರಿಸುತ್ತಿದೆ. ನೀನು ಅದನ್ನು ನೋಡಲೆಂದೇ ಮುಖವನ್ನು ಇನ್ನಷ್ಟು ಆಚೆಗೆ ತಿರುಗಿಸಿದ್ದೀಯ, ಕಣ್ಣಂಚಿನಿಂದ ಹಿಡಿಯಲು.

ಆಗ ನಿನ್ನ ಹಳೆಯ ಕಾಗದಗಳನ್ನು ತೆಗೆದು ಮೊದಲಿನಿಂದ ಓದಿದೆ. ಟ್ಯೂಬ್‌ಲೈಟ್ ಮಂಕಾಗಿದೆ ಎಂದು ನೀನು ಜನವರಿಯಲ್ಲೇ ಬರೆದಿದ್ದೆ. ಮಾರ್ಚಿನಲ್ಲಿ ಸ್ಕೆಚ್ ಪೆನ್ನು ಬಂತು. ಅಕ್ಷರಗಳು ಬೋರ್ಡಿನಷ್ಟಾದವು. ನಾನು ಅದನ್ನು ನೋಡಿದೆ, ನೋಡಿ ಗೇಲಿ ಮಾಡಿದೆ. ಪೋಸ್ಟ್‌ಮನ್ನನ ಕಾಲರಿನ ಹೊಲಿಗೆ ಕಂಡವನು ಮುಂದಿನ ಕಂತಿನ ಬಗ್ಗೆ ಚಕಾರ ಎತ್ತದಿದ್ದಾಗ ನನ್ನ ಕೆಲಸ ನಿನಗೆ ಸರಿಬಂದಿಲ್ಲ ಎಂದುಕೊಂಡೆ. ನೋಡದೆ ಬರೆದೆ ಎಂದು ನಿನ್ನನ್ನು ದೂರಿದವಳು ನಾನು. ಓದಿಯೂ ಓದದೆ ಇದ್ದವಳೂ ನಾನೇ.

ಮೇಡಂಗೆ ಮತ್ತೆ ಬರೆದು, ಅಸಡ್ಡೆ ಎಂದದ್ದು ತಪ್ಪು ಎಂದು ತಿಳಿಸಿದೆ. ಕಾರಣ ಬರೆಯಲಿಲ್ಲ. ಅದು ನೀನು ಹೇಳಬೇಕಾದದ್ದು. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು: ಏನು ಕಾಣುತ್ತದೆ, ಏನು ಕಾಣುವುದಿಲ್ಲ?

ಹೋದ ವಾರ ಹಗ್ಗದಾಕೆಯ ಊರಿಗೆ ವಾಪಸು ಹೋಗಿದ್ದೆ. ಕಡವಿನಲ್ಲಿ ಹಗ್ಗ ಕಟ್ಟುತ್ತಿದ್ದ ಕಂಬ ಮಾತ್ರ ಇದೆ. ಅವಳಿಗೆ ಸೇತುವೆಯ ಮೇಲೆ ಗುಡಿಸುವ ಕೆಲಸ ಕೊಟ್ಟಿದ್ದಾರೆ. ಚಿತ್ರ ಹಾಳಾಯಿತು ಎಂದೆ. "ಹೋಗ್ಲಿ ಬಿಡು, ನಾನಿನ್ನೂ ಹಾಳಾಗಿಲ್ವಲ್ಲ" ಎಂದಳು. ಪೊರಕೆಯನ್ನು ಒರಗಿಸಿಟ್ಟು ಸೇತುವೆಯ ಕಂಬಿಯನ್ನು ಹಿಡಿದು ನಿಂತಳು. ತೆಗೆದೆ. ಈ ಸಲ ಕೋಟು ಹಾಕಿಕೊಂಡೇ ಇದ್ದಾಳೆ. ಅವಳ ಬೆನ್ನ ಹಿಂದೆ ನದಿ, ಅಷ್ಟು ದೂರದಲ್ಲಿ ಆ ಹಳೆಯ ಕಂಬ. ಕೈಗಳು ನಡುವಿನಲ್ಲಿವೆ. ಒಂದರ ಹಿಂದೆ ಒಂದು, ಎಡಗೈ ಮುಂದೆ, ಬಲಗೈ ಸ್ವಲ್ಪ ಹಿಂದೆ. ಕಂಬಿಯನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಅದು ಎಳೆಯುವವರ ಹಿಡಿತ. ಅಂಗೈಯ ಹೊಳಪು ಸ್ವಲ್ಪ ಕಮ್ಮಿಯಾಗಿದೆ, ಕಿರುಬೆರಳಿನ ಪಕ್ಕ ಪೊರಕೆಯಿಂದ ಹೊಸ ಗುಳ್ಳೆ ಎದ್ದಿದೆ. ಎಡಗೈಯ ಹೆಬ್ಬೆರಳಿನ ಉಗುರು ಸೀಳಿದೆ. ಮುಖದಲ್ಲಿ ನಗುವಿಲ್ಲ, ಆದರೆ ನಗು ಈಗಷ್ಟೇ ಎದ್ದು ಹೋದಂತಿದೆ.

ಕಾರ್ಡು ಪರ್ಸಿನಲ್ಲಿ ಬೋರಲು ಮಲಗಿದೆ. ಕೊನೆಯ ಕಡವು ಒಂದು ಬಾಕಿ ಇದೆ. ನೀನು ಹೇಳಿದರೆ ಅದನ್ನು ಬಿಟ್ಟು ಈಗಲೇ ಹೊರಡುತ್ತೇನೆ.

ನಿನ್ನ ತಂಗಿ

ಆಗಸ್ಟ್ ೧೭

ತಿರುಗಾಲಿಗೆ,

ಅಕ್ಷರ ನಿನ್ನ ಅತ್ತಿಗೆಯದು, ಮಾತು ನನ್ನದು. ನಡುನಡುವೆ ಅವಳು ತನ್ನದನ್ನೂ ಸೇರಿಸಬಹುದು, ಹಿಡಿಯಲು ನನಗೆ ಕಾಣುವುದಿಲ್ಲ.

ನೇರವಾಗಿ ಕೇಳಿದ್ದೀಯ, ನೇರವಾಗಿ ಹೇಳುತ್ತೇನೆ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಏನನ್ನು ನೋಡಲು ಹೋದರೂ ಸರಿಯಾಗಿ ಅದರ ಮೇಲೆಯೇ ಒಂದು ಬೂದು ಮಚ್ಚೆ ಬಂದು ಕೂರುತ್ತದೆ. ಪಕ್ಕಕ್ಕೆ ತಿರುಗಿದರೆ ಅಷ್ಟಿಷ್ಟು ಸಿಗುತ್ತದೆ. ಡಾಕ್ಟರು, "ಅಂಚು ಉಳಿಯತ್ತೆ, ನಡು ವಾಪಸ್ ಬರಲ್ಲ" ಎಂದರು. ಇಬ್ಬರು ಡಾಕ್ಟರುಗಳಿಗೆ ತೋರಿಸಿದೆವು, ಇಬ್ಬರದೂ ಅದೇ ಮಾತು. ಒಂದು ಸಮಾಧಾನ, ಅವರಲ್ಲಿ ಒಬ್ಬರು ಪಾಸ್‌ಪೋರ್ಟ್ ಫೋಟೋಗೆ ನಮ್ಮಲ್ಲಿಗೇ ಬರುತ್ತಾರೆ.

ಈಗ ಮೇ ತಿಂಗಳ ಕಾಗದದ ವಿಷಯ. ನೋಡಲಿಲ್ಲ ಎಂದು ಬರೆದದ್ದು ಸುಳ್ಳು. ನೋಡಿದೆ. ಹಗ್ಗದಾಕೆಯ ಒಂದೊಂದು ಚಿತ್ರವನ್ನೂ ತೆರೆದು, ದೊಡ್ಡದು ಮಾಡಿ, ಪರದೆಗೆ ಮೂಗು ತಾಗಿಸಿ ನೋಡಿದೆ. ಬೂದು ಕಂಡಿತು. ಎಲ್ಲದರಲ್ಲೂ ಕಂಡಿತು. ಅದು ನನ್ನ ಕಣ್ಣಿನದು ಎಂದುಕೊಂಡೆ. ಆ ಹೊತ್ತಿಗೆ ನನಗೆ ಎಲ್ಲೆಲ್ಲೂ ಬೂದು ಇತ್ತು, ಅನ್ನದ ತಟ್ಟೆಯಲ್ಲಿ ಇತ್ತು, ನಿನ್ನ ಅತ್ತಿಗೆಯ ಮುಖದಲ್ಲಿ ಇತ್ತು. ಚಿತ್ರದಲ್ಲೂ ಬೂದು ಇರಬಹುದು ಎಂದು ಹೊಳೆಯಲೇ ಇಲ್ಲ. ಕೈಗಳು ಅದರ ಹಿಂದೆ ಇವೆ, ನನಗೆ ಮಾತ್ರ ಕಾಣುತ್ತಿಲ್ಲ ಎಂದು ನಂಬಿದೆ. ಭೂತಗನ್ನಡಿ ಹಿಡಿದು ನಿನ್ನ ಕಾಗದದಿಂದ ಕೈಯನ್ನೂ ಕೋಟನ್ನೂ ಹೆಕ್ಕಿ ನಿನಗೇ ವಾಪಸು ಬರೆದೆ. ಇವಳನ್ನು ಕರೆದು "ಸ್ವಲ್ಪ ನೋಡೇ" ಎಂದಿದ್ದರೆ ನಿನ್ನ ಚಿತ್ರ ಉಳಿಯುತ್ತಿತ್ತು. ಕರೆದರೆ ಇವಳಿಗೆ ಗೊತ್ತಾಗುತ್ತಿತ್ತು, ಇವಳಿಗೆ ಗೊತ್ತಾದರೆ ನಿನಗೆ ಗೊತ್ತಾಗುತ್ತಿತ್ತು, ನಿನಗೆ ಗೊತ್ತಾದರೆ ಅಪ್ಪ ಹೋದಾಗ ಬಂದಂತೆ ಎಲ್ಲ ಬಿಟ್ಟು ಬಂದುಬಿಡುತ್ತಿದ್ದೆ. ಸೋಮಾರಿ ಎಂದು ಬೈದುಕೊಂಡಾದರೂ ನದಿ ಮುಗಿಸಲಿ ಎಂದುಕೊಂಡೆ. ಬೈಸಿಕೊಳ್ಳುವುದು ಸುಲಭ ಎಂದುಕೊಂಡಿದ್ದೆ, ಅಷ್ಟು ಸುಲಭವಾಗಿರಲಿಲ್ಲ.

ಇಲ್ಲಿ ಅತ್ತಿಗೆಯ ಎರಡು ಮಾತು: ನನಗೆ ಗೊತ್ತಾದದ್ದು ಮೇ ಕೊನೆಯಲ್ಲಿ, ಇವರು ಒಬ್ಬ ಗಿರಾಕಿಯ ಬದಲು ಅವನ ಪಕ್ಕದ ಕುರ್ಚಿಯ ಫೋಟೋ ತೆಗೆದ ದಿನ. ನಿನಗೆ ಹೇಳಬಾರದು, ಬರೆಯಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ನಾನು ಮಾತು ಮುರಿದಿಲ್ಲ. ಬಾಯಿ ಬಿಟ್ಟಿಲ್ಲ, ಪೆನ್ನು ಮುಟ್ಟಿಲ್ಲ. ಪಾರ್ಸೆಲ್ ಕಟ್ಟಿದ್ದು ಮಾತ್ರ ನಾನು. ದಾರ ಬಿಚ್ಚಿ ಇನ್ನೊಂದಕ್ಕೆ ಕಟ್ಟುವುದು ಎಷ್ಟು ಹೊತ್ತಿನ ಕೆಲಸ. ಆ ಫೋಟೋಗಳು ಇವರು ತೆಗೆದವಲ್ಲ ಎಂದು ನೋಡಿದೊಡನೆ ನಿನಗೆ ತಿಳಿಯುತ್ತದೆ ಎಂದುಕೊಂಡೆ. ಕನ್ನಡಿ ಚೌಕಟ್ಟಿನೊಳಗೆ ಬಂದದ್ದು ಮಾತ್ರ ನಿಜವಾಗಿ ನನಗೆ ಗೊತ್ತಾಗಿರಲಿಲ್ಲ, ಇದಕ್ಕಾಗಿ ನಿನ್ನೆಯಿಂದ ಬೈಸಿಕೊಳ್ಳುತ್ತಿದ್ದೇನೆ.

ಮತ್ತೆ ನಾನು. ಕೊನೆಯ ಕಡವು ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ. ಮುಗಿಸಿ ಬಾ.

ಹಗ್ಗದಾಕೆಯ ಬಗ್ಗೆ ನೀನು ಬರೆದದ್ದನ್ನು ಇವಳಿಂದ ಮೂರು ಸಲ ಓದಿಸಿದೆ. ಕೈ ಬಂತು. ಹಿಡಿತ ಬಂತು. ಸೀಳಿದ ಉಗುರು, ಗುಳ್ಳೆ, ಎದ್ದು ಹೋದ ನಗು, ಎಲ್ಲ ಬಂತು, ಬೂದು ಎಲ್ಲೂ ಇಲ್ಲ. ಆದರೆ ಅವಳ ಬೆನ್ನ ಹಿಂದೆ ನದಿ ಇದೆ ಎಂದಿದ್ದೀಯ. ಉಗುರಿನವರೆಗೆ ಬರೆದವಳು ನೀರಿನ ಗೆರೆಯ ಬಗ್ಗೆ ಒಂದು ಮಾತೂ ಬರೆದಿಲ್ಲ.

ವಾಲಿದೆ, ಅಲ್ಲವೇ? ಕಾರ್ಡು ಅಳಿಸಬೇಡ. ಬಾ, ನೋಡೋಣ.

ಅಣ್ಣ